ಸೀರಿಯಲ್ಲಿನ ಕೆಟ್ಟ ಮೈದುನ

ಮೊದಲ ದಿನ ಅವನು ಮೇಕಪ್ ರೂಮಿನ ಕುರ್ಚಿಯಲ್ಲಿ ಬಂದು ಕೂತಾಗ ನಾನು ಹೇಳಿದ್ದು ಒಂದೇ ಮಾತು.

"ಸಾರ್, ಗಮ್ ಹಾಕ್ತಿದೀನಿ. ಮುಖ ಅಲ್ಲಾಡಿಸ್ಬೇಡಿ."

ಅವನು ಅಲ್ಲಾಡಿಸಲಿಲ್ಲ. ಎಡಗೆನ್ನೆಯಿಂದ ಕತ್ತಿನವರೆಗೆ ಸುಟ್ಟ ಗಾಯದ ಕಲೆ ಮೂಡಿಸಬೇಕಿತ್ತು. ತೆಳುವಾದ ರಬ್ಬರ್ ಪದರ ಅಂಟಿಸಿ, ಅದರ ಅಂಚನ್ನು ಚರ್ಮಕ್ಕೆ ಬೆರೆಸಿ, ಮೇಲೆ ಕಂದು, ಕೆಂಪು, ಒಂಚೂರು ನೇರಳೆ ಬಣ್ಣ. ಅಷ್ಟು ಹೊತ್ತೂ ನನ್ನ ಉಸಿರು ಅವನ ಕಿವಿಗೆ ತಾಕುವಷ್ಟು ಹತ್ತಿರ ನಿಂತಿದ್ದೆ. ಅವನು ಕಲ್ಲಿನ ಹಾಗೆ ಕೂತಿದ್ದ. ಮುಗಿದ ಮೇಲೆ ಎದ್ದು, ತಲೆಯಾಡಿಸಿ ಹೋದ. ಥ್ಯಾಂಕ್ಸ್ ಇಲ್ಲ, ಬರ್ತೀನಿ ಇಲ್ಲ.

ಮರುದಿನವೂ ಅದೇ. ಅದರ ಮರುದಿನವೂ.

"ನೋಡಕ್ಕಾ, ಎಷ್ಟು ಜಂಬ!" ಎಂದು ಪಕ್ಕದ ಕನ್ನಡಿಯೆದುರು ಬಾಚಣಿಗೆ ತೊಳೆದಿಡುತ್ತಿದ್ದ ಹೇರ್‌ಡ್ರೆಸ್ಸರ್ ಅಕ್ಕನ ಹತ್ತಿರ ಗೊಣಗಿದೆ. "ಬಾಯಿ ಬಿಟ್ರೆ ಮುತ್ತು ಉದುರ್ಹೋಗತ್ತೇನೋ."

ಅಕ್ಕ ಕಣ್ಸನ್ನೆ ಮಾಡಿದಳು. ತಿರುಗಿ ನೋಡಿದರೆ ಅವನು ಬಾಗಿಲಲ್ಲೇ ನಿಂತಿದ್ದ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನು ಸದ್ದಿಲ್ಲದೆ ಬಂದು ಕೂತು, ಕನ್ನಡಿಯೊಳಗಿಂದ ನನ್ನನ್ನೇ ನೋಡುತ್ತಾ ಹೇಳಿದ.

"ಮುಖ ಅಲ್ಲಾಡಿಸ್ಬೇಡಿ ಅಂದ್ರಿ. ಯಾವಾಗಿಂದ ಅಲ್ಲಾಡಿಸ್ಬೋದು ಅಂತ ಹೇಳ್ಲೇ ಇಲ್ಲ."

ಅಕ್ಕ ಕಿಸಕ್ಕನೆ ನಕ್ಕಳು. ನಾನು ತುಟಿ ಕಚ್ಚಿಕೊಂಡೆ. ಅವನ ಮುಖದ ಒಂದು ಗೆರೆಯೂ ಕದಲಿರಲಿಲ್ಲ, ಕಣ್ಣುಗಳಷ್ಟೇ ನಗುತ್ತಿದ್ದವು. ಆ ಕಣ್ಣುಗಳನ್ನು ಅಲ್ಲಿಯವರೆಗೆ ನಾನು ನೋಡಿಯೇ ಇರಲಿಲ್ಲ ಎನ್ನುವುದು ಆಗಲೇ ನನಗೆ ಹೊಳೆದದ್ದು.

ಆಮೇಲೆ ಅವನು ಕರೆದ ಸಮಯಕ್ಕಿಂತ ಮುಂಚೆಯೇ ಬರತೊಡಗಿದ. ನಾನೂ ಬೇಗ ಮುಗಿಯಬೇಕಾದ ಕೆಲಸವನ್ನು ಎಳೆಯತೊಡಗಿದೆ.

"ಇವತ್ತೂ ಅಂಚು ಸರಿ ಕೂರ್ತಿಲ್ವಾ?"

"ನಿಮ್ಮ ಚರ್ಮ ಸರಿ ಇಲ್ಲ."

"ನಿನ್ನೆನೂ ಹಾಗೇ ಅಂದ್ರಿ."

"ನಿನ್ನೆನೂ ಸರಿ ಇರ್ಲಿಲ್ಲ."

ಹೀಗೆ ಹೇಳುತ್ತಾ ಬ್ರಷ್ ಹಿಡಿದು ಬಾಗಿದರೆ ಅವನ ಬಲಗಿವಿ ಮೆಲ್ಲಗೆ ಕೆಂಪಾಗುತ್ತಿತ್ತು. ಆ ಕಡೆಗೆ ನಾನು ಬಣ್ಣ ಹಚ್ಚಿಯೇ ಇರುತ್ತಿರಲಿಲ್ಲ.

ಸೀರಿಯಲ್ಲಿನಲ್ಲಿ ಅವನದು ಮೈದುನನ ಪಾತ್ರ. ಬೆಂಕಿ ಬಿದ್ದ ಮನೆಯಲ್ಲಿ ಅಣ್ಣ ಸತ್ತಿದ್ದಾನೆ. ಅತ್ತಿಗೆಯೂ ಎಳೆಯ ಮಗುವೂ ಉಳಿದಿದ್ದಾರೆ. ಬೆಂಕಿ ಇಟ್ಟವನು ಈ ಮೈದುನನೇ ಎಂದು ಊರಿಗೆ ಊರೇ ನಂಬಿದೆ. ಅವನು ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದಿಲ್ಲ. ಕಪ್ಪು ಕೋಟು ತೊಟ್ಟು ಅತ್ತಿಗೆಯ ಮನೆಯ ಸುತ್ತ ಸುಳಿಯುತ್ತಿರುತ್ತಾನೆ. ಅವನ ನೆರಳು ಗೋಡೆಯ ಮೇಲೆ ಬಿದ್ದ ಕೂಡಲೇ ಹಿನ್ನೆಲೆಯಲ್ಲಿ ಢಣ್ ಎನ್ನುವ ಸಂಗೀತ.

ಜನ ಅವನನ್ನು ಎಷ್ಟು ದ್ವೇಷಿಸುತ್ತಿದ್ದರೆಂದರೆ, ಸ್ಟುಡಿಯೋ ಪಕ್ಕದ ಬೇಕರಿಯಾಕೆ ಅವನ ಮುಖ ಕಂಡ ಕೂಡಲೇ "ಬ್ರೆಡ್ ಖಾಲಿ" ಅನ್ನುತ್ತಿದ್ದಳು. ಬ್ರೆಡ್ಡು ಅವಳ ಬೆನ್ನ ಹಿಂದೆಯೇ ಸಾಲಾಗಿ ಕೂತಿರುತ್ತಿತ್ತು. ಅವನು ನಕ್ಕು ಬಂದುಬಿಡುತ್ತಿದ್ದ.

"ನಿಜ ಹೇಳಿ, ಆ ಮೈದುನ ಕೆಟ್ಟವನೇನಾ?" ಎಂದು ಒಂದು ದಿನ ಕೇಳಿದೆ.

"ಮುಂದೆ ಏನಾಗತ್ತೆ ಅಂತ ನಂಗೆ ಗೊತ್ತು. ಆದ್ರೆ ಯಾರಿಗೂ ಹೇಳಲ್ಲ ಅಂತ ಕಥೆ ಬರೆಯೋ ಮೇಡಂಗೆ ಮಾತು ಕೊಟ್ಟಿದೀನಿ."

"ನಂಗೂ ಹೇಳಲ್ವಾ?"

ಅವನು ಕನ್ನಡಿ ಬಿಟ್ಟು ನೇರ ನನ್ನ ಕಡೆ ತಿರುಗಿದ. "ನಿಮಗೆ ಹೇಳೋದು ಬೇರೆ ಒಂದಿದೆ. ಅದಕ್ಕೆ ಯಾರಿಗೂ ಮಾತು ಕೊಟ್ಟಿಲ್ಲ."

ಅವತ್ತು ನನ್ನ ಕೈಯಿಂದ ಬ್ರಷ್ ಜಾರಿ ಅವನ ಕಪ್ಪು ಕೋಟಿನ ಮೇಲೆ ಬಿತ್ತು.

ನಮ್ಮ ಮನೆಯಲ್ಲಿ ಇರುವುದು ಅಜ್ಜಿ ಮತ್ತು ನಾನು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಸಂಜೆಯಾದರೆ ಟಿವಿ ಮುಂದೆ ಕೂತು "ಸುಟ್ಟ ಮೋರೆಯವನೇ, ನಿನ್ನ ಕೈ ಸೇದ್ಹೋಗ!" ಎಂದು ಮೈದುನನಿಗೆ ಬಯ್ಯುವುದು ಅವಳ ನಿತ್ಯದ ಕೆಲಸ. ಆ ಮೋರೆಯನ್ನು ಸುಟ್ಟವಳು ನಾನೇ ಎಂದರೂ ಕೇಳುತ್ತಿರಲಿಲ್ಲ.

ಒಂದು ಭಾನುವಾರ ಧೈರ್ಯ ಮಾಡಿ ಅವನನ್ನು ಮನೆಗೆ ಕರೆದುಕೊಂಡು ಬಂದೆ. ಕಲೆ ಇಲ್ಲ, ಕೋಟಿಲ್ಲ, ಕೈಯಲ್ಲಿ ಹಣ್ಣಿನ ಚೀಲ. ಅಜ್ಜಿ ಬಾಗಿಲು ತೆರೆದು ಮೇಲಿಂದ ಕೆಳಗೆ ನೋಡಿದಳು.

"ಒಂದು ಮನೆ ಸುಟ್ಟಿದ್ದು ಸಾಲ್ದಾ?" ಎಂದವಳೇ ದಢಾರನೆ ಬಾಗಿಲು ಹಾಕಿಕೊಂಡಳು.

ಅವನನ್ನು ಕಳಿಸಿ, ನಾನು ಹಿತ್ತಲ ಬಾಗಿಲಿಂದ ಒಳಗೆ ಹೋಗಿ ಕೂಗಾಡಿದೆ. "ಅದು ನಟನೆ ಅಜ್ಜಿ! ಸಂಬಳಕ್ಕೆ ಮಾಡೋದು!"

"ನಂಗಷ್ಟೂ ತಿಳಿಯಲ್ವೇನೆ?" ಅಜ್ಜಿಯ ದನಿ ತಣ್ಣಗಿತ್ತು. "ಅಷ್ಟು ಚೆನ್ನಾಗಿ ಕೆಟ್ಟತನ ಬರ್ಬೇಕಾದ್ರೆ ಒಳಗೆಲ್ಲೋ ಇರ್ಲೇಬೇಕು. ನಿಮ್ಮಪ್ಪನೂ ಒಳ್ಳೆಯವನ ಪಾತ್ರ ತುಂಬಾ ಚೆನ್ನಾಗಿ ಮಾಡ್ದ. ಇದೇ ಬಾಗಿಲಲ್ಲಿ ನಿಂತು ನಗ್ತಾ ನಗ್ತಾ ಮಾತಾಡ್ದ. ನಿಮ್ಮಮ್ಮನ್ನ ಬಸುರಲ್ಲೇ ಬಿಟ್ಟುಹೋದ. ನಟನೆ ಮಾಡೋರು ಅಂದ್ರೆ ನಂಗೆ ಭಯ ಕಣೆ."

ಅವಳು ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು.

ಮರುದಿನ ಕುರ್ಚಿಯಲ್ಲಿ ಕೂತವನಿಗೆ ಹೇಳಿದೆ. "ಮೇಡಂ ಹತ್ರ ಹೋಗಿ ಕೇಳು, ಆ ಮೈದುನನ್ನ ಬೇಗ ಒಳ್ಳೆಯವನಾಗಿ ಮಾಡಿ ಅಂತ. ಅಜ್ಜಿ ಕರಗ್ತಾಳೆ." ನಾವು 'ನೀನು'ಗೆ ಯಾವಾಗ ಬಂದೆವೋ ನನಗೂ ತಿಳಿದಿರಲಿಲ್ಲ.

"ಹಾಗಾದ್ರೆ ಅಜ್ಜಿ ಒಪ್ಪೋದು ಅವನನ್ನ. ನನ್ನನ್ನಲ್ಲ."

"ಹಾಗಾದ್ರೆ ಏನು ಮಾಡೋದು?"

"ಕಾಯೋಣ. ಅವರು ಒಪ್ಪೋವರೆಗೂ ನಾನು ನಿನ್ನ ಏನೂ ಕೇಳಲ್ಲ."

ನನಗೆ ಸಿಟ್ಟು ಬಂತು. ಕಲೆಯ ಅಂಚನ್ನು ಬೇಕಂತಲೇ ಗಟ್ಟಿಯಾಗಿ ಒತ್ತಿದೆ. ಅವನು "ಸ್" ಎಂದ, ಅಷ್ಟೇ. ಆಮೇಲೆ ಎಷ್ಟೋ ದಿನ ನಾವು ಸರಿಯಾಗಿ ಮಾತಾಡಲಿಲ್ಲ. ಅವನಿಗೆ ನಾನು ಅಷ್ಟೊಂದು ಬೇಕಾಗಿಲ್ಲವೇನೋ ಎಂಬ ಅನುಮಾನವೂ ನನ್ನನ್ನು ಕೊರೆಯುತ್ತಿತ್ತು.

ಅಷ್ಟರಲ್ಲಿ ನಮ್ಮ ಮನೆಯ ಹತ್ತಿರದ ಮಾರ್ಕೆಟ್ ಬೀದಿಯಲ್ಲಿ ಶೂಟಿಂಗ್ ಇಟ್ಟರು. ಬೀದಿಯ ಎರಡೂ ತುದಿಗೆ ವ್ಯಾನು ಅಡ್ಡ ನಿಲ್ಲಿಸಿದ್ದರು. ಜನವೋ ಜನ. ನಾನು ಮೇಕಪ್ ವ್ಯಾನಿನೊಳಗೆ ಅತ್ತಿಗೆಯ ಪಾತ್ರದವರಿಗೆ ಟಚಪ್ ಮಾಡುತ್ತಿದ್ದೆ. ಸೊಪ್ಪು ತರುತ್ತೇನೆಂದು ಹೊರಟ ಅಜ್ಜಿ ಶೂಟಿಂಗ್ ನೋಡಲು ಗುಂಪಿನಲ್ಲಿ ನಿಂತಿದ್ದು ನನಗೆ ಗೊತ್ತಿರಲಿಲ್ಲ.

ಬಿಸಿಲಿಗೋ ನೂಕುನುಗ್ಗಲಿಗೋ, ಅಜ್ಜಿ ಎದೆ ಹಿಡಿದುಕೊಂಡು ತರಕಾರಿ ಅಂಗಡಿಯ ಮುಂದೆ ಕುಸಿದಳಂತೆ. ಅದನ್ನು ಮೊದಲು ಕಂಡವನು ಅವನು. ಕ್ಯಾಮೆರಾ ಓಡುತ್ತಿತ್ತು. ಅವನು ಶಾಟ್ ಬಿಟ್ಟು ಓಡಿದ. ಬೀದಿಯೊಳಗೆ ಗಾಡಿ ಬರುವಂತಿರಲಿಲ್ಲ, ಆಸ್ಪತ್ರೆ ಬೀದಿಯ ಆಚೆ ತುದಿಯಲ್ಲಿ. ಅಜ್ಜಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಹೊರಟೇಬಿಟ್ಟ.

ಜನಕ್ಕೆ ಕಂಡದ್ದು ಬೇರೆ. ಕಪ್ಪು ಕೋಟಿನ ಆ ಸುಟ್ಟ ಮೋರೆಯವನು ಒಬ್ಬ ಮುದುಕಿಯನ್ನು ಹೊತ್ತು ಓಡುತ್ತಿದ್ದಾನೆ, ಮುದುಕಿ "ಬಿಡೋ, ಬಿಡೋ ನನ್ನ" ಎಂದು ನರಳುತ್ತಿದ್ದಾಳೆ. ಒಬ್ಬ ಅವನ ಕಾಲರ್ ಎಳೆದ. ಯಾರೋ ಕೊಡೆಯಿಂದ ಬೆನ್ನಿಗೆ ಬಾರಿಸಿದರು. ಇನ್ನೊಬ್ಬ ಬಾಯಿಗೆ ಗುದ್ದಿದ. ಅವನು ನಿಲ್ಲಲಿಲ್ಲ. ನಿಂತು ವಿವರಿಸಲು ಹೊತ್ತಿರಲಿಲ್ಲ, ತಡೆಯಲು ಕೈ ಖಾಲಿಯಿರಲಿಲ್ಲ.

ನಾನು ಸುದ್ದಿ ಕೇಳಿ ಓಡಿ ಬಂದಾಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ತುಟಿ ಒಡೆದು ರಕ್ತ ಬರುತ್ತಿತ್ತು. ನಾನು ಅಂಟಿಸಿದ್ದ ಗಾಯ ಅರ್ಧ ಕಿತ್ತು ನೇತಾಡುತ್ತಿತ್ತು, ಅದರ ಪಕ್ಕದಲ್ಲೇ ನಿಜವಾದ ಗಾಯ. ನನ್ನ ಕೈ ತಾನಾಗಿ ಅವನ ಮುಖದ ಕಡೆ ಹೋಯಿತು.

"ಮೊದ್ಲು ಅಜ್ಜಿನ ನೋಡು," ಎಂದ. "ಎಚ್ಚರವಾಗಿದಾರೆ."

ಡಾಕ್ಟರ್ ಹೊರಗೆ ಬಂದು, "ಸರಿಯಾದ ಹೊತ್ತಿಗೆ ತಂದ್ರಿ. ಇನ್ನು ಭಯ ಇಲ್ಲ," ಎಂದರು. ನಾನು ಗೋಡೆಗೆ ಒರಗಿದೆ. ಅಷ್ಟು ಹೊತ್ತು ಬಿಗಿಹಿಡಿದಿದ್ದ ಅಳು ಆಗ ಬಂತು.

ಅಜ್ಜಿ ದಿಂಬಿಗೊರಗಿ ಮಲಗಿದ್ದಳು. ಮುಖ ಬಿಳಿಚಿತ್ತು, ನಾಲಿಗೆ ಮಾತ್ರ ಚುರುಕಾಗಿತ್ತು.

"ಅವನು ದಾರಿಯುದ್ದಕ್ಕೂ ಏನು ಹೇಳ್ತಿದ್ದ ಗೊತ್ತೇನೆ? 'ಬಯ್ಯಿ ಅಜ್ಜಿ, ನಿಲ್ಲಿಸ್ಬೇಡಿ, ಕಣ್ಣು ಮುಚ್ಬೇಡಿ, ಬಯ್ತಾನೇ ಇರಿ' ಅಂತ. ನಂಗೆ ಗೊತ್ತಿರೋ ಬೈಗುಳ ಎಲ್ಲಾ ಮುಗೀತು. ಆಮೇಲೆ ಅವನೇ ಹೇಳಿಕೊಟ್ಟ." ಅವಳ ಕಣ್ಣಂಚು ಒದ್ದೆಯಾಯಿತು. "ಜನ ಹೊಡೀತಿದ್ರು ಕಣೆ. ಪ್ರತಿ ಏಟಿಗೂ ಅವನ ಮೈ ಬಿಗಿಯಾಗೋದು ನಂಗೆ ಗೊತ್ತಾಗ್ತಿತ್ತು. ಆದ್ರೂ ತೋಳು ಒಂದು ಚೂರೂ ಸಡಿಲ ಆಗ್ಲಿಲ್ಲ. ಅದು ನಟನೆ ಅಲ್ಲ. ಕರಿ ಅವನನ್ನ."

ಅವನು ಬಂದು ಮಂಚದ ತುದಿಯಲ್ಲಿ ನಿಂತ. ಎಷ್ಟೋ ಎಪಿಸೋಡುಗಳಲ್ಲಿ ಊರನ್ನೇ ನಡುಗಿಸಿದವನು ಪರೀಕ್ಷೆಗೆ ಬಂದ ಹುಡುಗನ ಹಾಗೆ ಕೈ ಕಟ್ಟಿಕೊಂಡಿದ್ದ.

"ನನ್ನ ಮೊಮ್ಮಗಳನ್ನ ಬಿಟ್ಟು ಹೋಗ್ತೀಯಾ?" ಅಜ್ಜಿ ನೇರವಾಗಿ ಕೇಳಿದಳು.

"ಇಲ್ಲ ಅಜ್ಜಿ."

"ಹೂಂ." ಅಜ್ಜಿ ಅವನ ಒಡೆದ ತುಟಿಯನ್ನೇ ನೋಡಿದಳು. "ಹೋಗಿ ಅದಕ್ಕೆ ಔಷಧಿ ಹಾಕಿಸ್ಕೋ ಮೊದ್ಲು. ಮದುವೆ ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ."

ಆ ವಾರ ಪೂರ್ತಿ ಅಜ್ಜಿ ಆಸ್ಪತ್ರೆಯಲ್ಲೇ ಇದ್ದಳು. ಒಂದು ಸಂಜೆ ವಾರ್ಡಿನ ಟಿವಿಯಲ್ಲಿ ಸೀರಿಯಲ್ ಶುರುವಾಯಿತು. ಕಥೆ ಹಿಂದಕ್ಕೆ ಹೋಗಿ ಬೆಂಕಿ ಬಿದ್ದ ದಿನವನ್ನು ತೋರಿಸಿತು. ಕುಡಿದ ಮತ್ತಿನಲ್ಲಿ ದೀಪ ಕೆಡವಿದವನು ಅಣ್ಣ. ಉರಿಯೊಳಗೆ ನುಗ್ಗಿ ಮಗುವನ್ನು ಎದೆಗವಚಿಕೊಂಡು ಹೊರಗೆ ಬಂದವನು ಮೈದುನ. ಸತ್ತ ಗಂಡನ ಮೇಲೆ ಅತ್ತಿಗೆ ಇಟ್ಟಿದ್ದ ಪ್ರೀತಿ ಕೆಡಬಾರದೆಂದು ಇಷ್ಟು ಕಾಲ ಅಪವಾದ ಹೊತ್ತು, ದೂರದಿಂದಲೇ ಅವರಿಬ್ಬರನ್ನು ಕಾದಿದ್ದ.

ಇಂಜೆಕ್ಷನ್ ಹಿಡಿದು ಬಂದ ನರ್ಸ್ ಅಲ್ಲೇ ನಿಂತುಬಿಟ್ಟಿದ್ದಳು. ಎಲ್ಲರ ತಲೆಯೂ ಒಟ್ಟಿಗೆ ನಮ್ಮ ಮಂಚದ ಕಡೆ ತಿರುಗಿತು. ಅಲ್ಲಿ ಅವನು ಅಜ್ಜಿಗೆ ಸೇಬು ಹೆಚ್ಚುತ್ತಾ ಕೂತಿದ್ದ.

ಅಜ್ಜಿ ಮೂಗು ಒರೆಸಿಕೊಂಡಳು. "ನಿಂಗಿದು ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಅಷ್ಟು ಬಯ್ಯೋವಾಗ ಹೇಳ್ಬಾರ್ದಿತ್ತೇನೋ, ಪಾಪಿ!"

"ಹೇಳಿದ್ರೆ ಇವತ್ತು ನೀವು ಹೀಗೆ ಅಳೋಕೆ ಆಗ್ತಿರ್ಲಿಲ್ಲ."

ಅಜ್ಜಿ ಅಳುತ್ತಲೇ ನಕ್ಕಳು. ನಾನು ಮುಖ ಮರೆಸಿಕೊಳ್ಳಲು ಕಾರಿಡಾರಿಗೆ ಹೋದೆ. ಕಿಟಕಿಯಾಚೆ ದೀಪಗಳು ಹತ್ತುತ್ತಿದ್ದವು. ಹಿಂದೆಯೇ ಬಂದವನ ಹೆಜ್ಜೆ ನನ್ನ ಪಕ್ಕದಲ್ಲಿ ನಿಂತಿತು.

"ಈಗ ಕೇಳ್ಬೋದಲ್ಲ?" ಎಂದ. "ನನ್ನ ಮದುವೆ ಆಗ್ತೀಯಾ?"

ಎಷ್ಟು ದಿನದಿಂದ ಉತ್ತರ ಸಿದ್ಧಮಾಡಿಟ್ಟುಕೊಂಡಿದ್ದೆನೋ, ಬಾಯಿಗೆ ಬಂದದ್ದು 'ಹೂಂ' ಒಂದೇ. ಅವನ ತೋಳಿಗೆ ಹಣೆ ಒತ್ತಿದೆ. ಎದೆಯ ಮೇಲಿಂದ ಏನೋ ಭಾರ ಇಳಿದು, ಬಹಳ ಕಾಲದ ಮೇಲೆ ಪೂರ್ತಿ ಉಸಿರಾಡಿದ ಹಾಗಾಯಿತು.

ಒಳಗಿನಿಂದ ಅಜ್ಜಿಯ ಕೂಗು ಬಂತು. "ಏನಂದ್ಳೋ? ಜೋರಾಗಿ ಹೇಳಿ, ಇಲ್ಲಿ ಎಲ್ಲರೂ ಕಾಯ್ತಿದಾರೆ!"

"ಹೂಂ ಅಂದೆ ಅಜ್ಜಿ!" ಎಂದು ನಾನು ಕೂಗಿದೆ.

ಇಡೀ ವಾರ್ಡು ಚಪ್ಪಾಳೆ ತಟ್ಟಿತು.