ಕುಲಸುಮಬಿಯ ಏಳನೇ ನಂಬರ್ ಗಾಡಿ

ನಾಲ್ಕೂ ಕವಡೆ ಬೋರಲು ಬಿದ್ದವು.

ಶೈಲಶ್ರೀ ಒಂದು ಗಳಿಗೆ ಬಾಯಿ ತೆರೆದುಕೊಂಡು ನೋಡಿದಳು. ಆಮೇಲೆ ಅವ್ವನ ಫೋನು ಎತ್ತಿ, ಮೈಕಿನ ಚಿತ್ರ ಒತ್ತಿ, ಅಡುಗೆಮನೆಯ ಡಬ್ಬಿಗಳು ನಡುಗುವ ಹಾಗೆ ಕೂಗಿದಳು.

“ಅಯ್ಯಯ್ಯೋ! ಏಳನೇ ನಂಬರ್ ಗಾಡಿ ಮಗುಚಿತು! ಕುಲಸುಮಬಿ ಔಟ್! ಸವಣೂರ ಟರ್ನಿಂಗಿನ್ಯಾಗ ಕುಲಸುಮಬಿ ಕತಿ ಮುಗೀತು! ಮುಗೀತು, ಮುಗೀತು, ಮುಗೀತು!”

ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ತಿಪ್ಪವ್ವಜ್ಜಿ ಗಾಬರಿಯಾದಳು. “ಯಾರ ಕತಿ ಮುಗೀತವ್ವ?”

“ಖರೇ ಅಲ್ಲಜ್ಜಿ, ರೇಸಿನ್ಯಾಗ!”

“ರೇಸರ ಇರ್ಲಿ, ಏನರ ಇರ್ಲಿ. ಹಂಗ ಒದರಬ್ಯಾಡ,” ಎಂದು ಅಜ್ಜಿ ಮತ್ತೆ ಕಾಯಿ ಬಿಡಿಸತೊಡಗಿದಳು. ಶೈಲಶ್ರೀ ಅಷ್ಟರಲ್ಲಿ ಕಳಿಸಿಯೂ ಆಗಿತ್ತು.

ಚಿಕ್ಕೇರೂರಿನ ಶೈಲಶ್ರೀಗೆ ಈ ರೇಸಿನ ಹುಚ್ಚು ಹಿಡಿದದ್ದು ಆರನೇ ಕ್ಲಾಸಿಗೆ ಬಂದ ಮೇಲೆ. ಒಬ್ಬರೇ ಕೂರುವ, ಚಾವಣಿ ಇಲ್ಲದ, ನೆಲಕ್ಕೆ ಅಂಟಿಕೊಂಡು ಓಡುವ ಕಾರುಗಳ ವಿಡಿಯೊ ಒಂದನ್ನು ಅವಳು ನೋಡಿದ್ದಳು. ಗೆದ್ದವರು ಹೆಲ್ಮೆಟ್ ತೆಗೆದರೆ ಒಳಗಿಂದ ಉದ್ದ ಜಡೆ ಬಿತ್ತು! ಓಡಿಸಿದವರೆಲ್ಲ ಹೆಂಗಸರೇ. ಅವತ್ತು ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಹಾವೇರಿಯ ಖೋ ಖೋ ಪಂದ್ಯದಲ್ಲಿ ಅವಳಿಗೆ ಮೂವರು ಗೆಳೆಯರು ಸಿಕ್ಕಿದ್ದರು. ಹಾನಗಲ್ಲಿನ ಸಾಗರ, ಶಿಗ್ಗಾವಿ ಕಡೆಯ ತಡಸದ ಮಲ್ಲಿಕಾ, ಸವಣೂರಿನ ನುಜಹತ. ನಾಲ್ವರೂ ಸೇರಿ ವಾಟ್ಸಾಪಿನಲ್ಲಿ ‘ನಾಲ್ಕೂರ ಲೇಡೀಸ್ ರೇಸ್’ ಅಂತ ಗ್ರೂಪ್ ಮಾಡಿದರು. ಒಬ್ಬೊಬ್ಬರಿಗೆ ಎರಡೆರಡು ಕಾರು. ಕಾರು ಸುಳ್ಳು, ರಸ್ತೆ ಸುಳ್ಳು, ಓಡಿಸುವವರ ಹೆಸರು ಮಾತ್ರ ನಿಜ. ಅವರವರ ಮನೆಯ ಹೆಂಗಸರ ಹೆಸರನ್ನೇ ಇಡಬೇಕು, ಇದು ಶೈಲಶ್ರೀ ಮಾಡಿದ ರೂಲು. ಹೀಗಾಗಿ ಪಡಸಾಲೆಯ ತಿಪ್ಪವ್ವಜ್ಜಿ ತನಗೇ ಗೊತ್ತಿಲ್ಲದೆ ಹಳದಿ ಕಾರಿನ ಡ್ರೈವರ್ ಆಗಿದ್ದಳು. ನುಜಹತಳ ನಾನಿ, ಅಂದರೆ ಅಜ್ಜಿ, ಕುಲಸುಮಬಿಗೆ ಏಳನೇ ನಂಬರಿನ ಹಸಿರು ಕಾರು.

ಕಾರು ಓಡಿಸಲು ಚೌಕಾಬಾರದ ಕವಡೆ, ಎಲ್ಲರ ಪರವಾಗಿ ಶೈಲಶ್ರೀಯೇ ಹಾಕಿ ಕಾಮೆಂಟ್ರಿ ಕಳಿಸುತ್ತಿದ್ದಳು. ಊರಿಗೊಂದು ರೇಸ್, ರೇಸಿಗೆ ಐದು ಸುತ್ತು. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಕಾರು ಅಷ್ಟು ಮನೆ ಮುಂದೆ. ಓರೆಯಾಗಿ ನಿಂತ ಕವಡೆ ಲೆಕ್ಕಕ್ಕಿಲ್ಲ, ನಾಲ್ಕನ್ನೂ ಮತ್ತೆ ಹಾಕಬೇಕು. ಚೌಕಾಬಾರದಲ್ಲಿ ನಾಲ್ಕೂ ಬೋರಲು ಬಿದ್ದರೆ ಎಂಟು, ಅದಕ್ಕಿಂತ ದೊಡ್ಡದಿಲ್ಲ. ಶೈಲಶ್ರೀಯ ಆಟದಲ್ಲಿ ಮಾತ್ರ ಅದು ಮಗುಚಿದ ಗಾಡಿ. ಮಗುಚಿದ ಗಾಡಿಗೆ ಆ ರೇಸ್ ಮುಗಿಯಿತು, ಮುಂದಿನ ರೇಸಿನಲ್ಲಿ ಮೊದಲ ಸುತ್ತೂ ಇಲ್ಲ.

ಹಾನಗಲ್ ರೇಸಿನಲ್ಲಿ ಕುಲಸುಮಬಿ ಫಸ್ಟ್ ಬಂದಿದ್ದಳು. ಶಿಗ್ಗಾವಿಯಲ್ಲಿ ಸೆಕೆಂಡ್. ಈಗ ನೋಡಿದರೆ ತನ್ನೂರು ಸವಣೂರಿನಲ್ಲೇ ಮಗುಚಿ ಬಿದ್ದಳು. ಇನ್ನು ಉಳಿದದ್ದು ಶೈಲಶ್ರೀಯ ತಾಲೂಕಾದ ಹಿರೇಕೆರೂರಿನ ರೇಸ್ ಒಂದೇ. ಚಾಕಲೇಟಿನ ಬಂಗಾರದ ಕಾಗದ ಸುತ್ತಿದ ಸ್ಟೀಲ್ ಲೋಟ, ಅಂದರೆ ಕಪ್, ಯಾರ ಮನೆಗೆ ಹೋಗುತ್ತದೆ ಅಂತ ಅದು ಮುಗಿದು ನಾಲ್ಕೂ ರೇಸಿನ ಅಂಕ ಕೂಡಿಸಿದರೆ ಗೊತ್ತಾಗಬೇಕಿತ್ತು.

ಶೈಲಶ್ರೀ ಫೋನು ನೋಡುತ್ತ ಕೂತಳು. ಸಾಗರ ನಗುವ ಮುಖಗಳನ್ನು ಸಾಲಾಗಿ ಕಳಿಸಿದ. ಆಮೇಲೆ ಗ್ರೂಪಿನಲ್ಲಿ ಸಣ್ಣ ಅಕ್ಷರದ ಒಂದು ಸಾಲು ಬಂತು. ಮುಬಶೀರ ಗ್ರೂಪ್ ಬಿಟ್ಟಿದ್ದಾನೆ ಅಂತ. ಮುಬಶೀರ ನುಜಹತಳ ಅಣ್ಣ, ಅವಳು ಆಡುವುದು ಅವನ ಫೋನಿನಲ್ಲೇ.

“ಸೋತ್ಲು, ಓಡಿಹೋದ್ಲು!” ಎಂದು ಶೈಲಶ್ರೀ ಸಿಟ್ಟಿನಿಂದ ಫೋನ್ ಹಚ್ಚಿದಳು. ಯಾರೂ ಎತ್ತಲಿಲ್ಲ.

ಮರುದಿನ ಸಾಲೆಯಿಂದ ಬಂದವಳೇ ಚೀಲ ಬಿಸಾಕಿ ಮತ್ತೆ ಹಚ್ಚಿದಳು. ಈ ಸಲ ಮುಬಶೀರ ಎತ್ತಿದ.

“ಶೈಲಾ, ನಮ್ಮ ನಾನಿ ನಿನ್ನೆ ಮುಂಜಾನೆ ಬಚ್ಚಲದಾಗ ಜಾರಿ ಬಿದ್ರು. ಕಾಲು ಮುರದೈತಿ. ದವಾಖಾನಿಯಿಂದ ಕರ್ಕೊಂಡು ಬಂದಿದ್ವಿ, ಮನಿತುಂಬ ಮಂದಿ. ಆವಾಗ ನಿನ್ನ ವಾಯ್ಸ್ ಬಂತು. ಸ್ಪೀಕರ್ ಆನ್ ಇತ್ತು. ನುಜಹತ ಒತ್ತಿಬಿಟ್ಲು.”

ಶೈಲಶ್ರೀಗೆ ತಾನು ಏನು ಕೂಗಿದ್ದೆ ಅಂತ ನೆನಪಾಯಿತು.

“ಕುಲಸುಮಬಿ ಕತಿ ಮುಗೀತು ಅಂತ ಮನಿಮಂದಿಯೆಲ್ಲ ಕೇಳಿದ್ರು. ಹುಬ್ಬಳ್ಳಿ ಖಾಲಾ, ನಮ್ಮ ಅಮ್ಮನ ತಂಗಿ, ಅಂತೂ ಅಳಾಕ ಹತ್ತಿದ್ರು. ಎಲ್ಲಾರೂ ನುಜಹತಗ ಬೈದ್ರು. ಅಕಿ ಇನ್ನ ಆಡಾಂಗಿಲ್ಲಂತ.”

ಫೋನು ಇಟ್ಟ ಮೇಲೆ ಶೈಲಶ್ರೀಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟು ನಾಚಿಕೆ. ನಿನ್ನೆ ನುಜಹತಳನ್ನು ‘ಓಡಿಹೋದ್ಲು’ ಅಂದದ್ದು ನೆನೆದು ಇನ್ನೂ ಬೇಜಾರಾಯಿತು.

ಗ್ರೂಪಿನಲ್ಲಿ ವಿಷಯ ಹೇಳಿದಾಗ ಸಾಗರ ಉಪಾಯ ಕೊಟ್ಟ. “ಸವಣೂರ ರೇಸ್ ಕ್ಯಾನ್ಸಲ್ ಮಾಡು. ಕವಡಿ ಮತ್ತ ಹಾಕು. ನುಜಹತ ಖುಷ್ ಆಗ್ತಾಳ.”

ಮಲ್ಲಿಕಾ ಅಂದಳು, “ಪಾಪ, ಕಪ್ ಅವ್ರ ನಾನಿಗೆ ಕೊಟ್ಟುಬಿಡೂಣು.”

“ಆಗಂಗಿಲ್ಲ,” ಎಂದಳು ಶೈಲಶ್ರೀ. “ಒಂದು ರೇಸ್ ಅಳಿಸಿದ್ರ ಎಲ್ಲಾ ರೇಸೂ ಸುಳ್ಳ ಆಗತಾವು. ಅವ್ರ ನಾನಿ ಹಾನಗಲ್ದಾಗ ಗೆದ್ದದ್ದೂ ಸುಳ್ಳ ಆಗತೈತಿ.”

“ಮತ್ತ ಏನು ಮಾಡ್ತಿ?”

ಅದು ಅವಳಿಗೂ ಗೊತ್ತಿರಲಿಲ್ಲ. ಒಂದು ಮಾತ್ರ ಗಟ್ಟಿ ಮಾಡಿಕೊಂಡಿದ್ದಳು. ಕೊನೆಯ ರೇಸ್ ನಡೆದರೆ ನುಜಹತಳ ಜೊತೆಗೇ ನಡೆಯಬೇಕು. ಇಲ್ಲದಿದ್ದರೆ ರೇಸೇ ಬೇಡ, ಆ ಲೋಟದಲ್ಲಿ ನೀರು ಕುಡಿದರಾಯಿತು.

ರಾತ್ರಿ ರೊಟ್ಟಿ ಮುರಿಯುತ್ತ ಅವಳು ಎಲ್ಲವನ್ನೂ ತಿಪ್ಪವ್ವಜ್ಜಿಗೆ ಹೇಳಿದಳು. ಹಳದಿ ಕಾರಿನ ವಿಷಯ ಒಂದು ಬಿಟ್ಟು.

ಅಜ್ಜಿ ಹೆಚ್ಚು ಯೋಚಿಸಲಿಲ್ಲ. “ಕಾಲು ಮುರಕೊಂಡು ಮಲಗ್ಯಾರ ಅಂದ ಮ್ಯಾಲ ಹೋಗಿ ಮಾತಾಡ್ಸಿ ಬರಬೇಕವ್ವ. ಐತಾರ ಹೋಗೂಣು.”

“ಬೈದ್ರ?”

“ಬೈಸ್ಕೊಂಡು ಬರೂಣು. ಬಸ್ಸರ ಫ್ರೀ ಐತಿ.”

ಐತವಾರ ಅಜ್ಜಿ ಆಧಾರ್ ಕಾರ್ಡನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಳು. ಚೀಲದಲ್ಲಿ ಬ್ರೆಡ್ಡು, ಬಾಳೆಹಣ್ಣು. ಶೈಲಶ್ರೀ ಅವ್ವನ ಫೋನನ್ನೂ ಕವಡೆಗಳನ್ನೂ ಇಟ್ಟುಕೊಂಡಳು. ಹಾವೇರಿಯಲ್ಲಿ ಬಸ್ ಬದಲಿಸಿ ಸವಣೂರು ಮುಟ್ಟುವವರೆಗೂ ಅವಳು ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಲೇ ಇದ್ದಳು.

ಬಾಗಿಲಲ್ಲಿ ನುಜಹತ ನಿಂತಿದ್ದಳು. ನಗಲಿಲ್ಲ. ಅವಳ ಅಮ್ಮ ತಸ್ಲೀಮಾ ಮಾತ್ರ, “ಬರ್ರಿ, ಒಳಗ ಬರ್ರಿ, ಕುಂದರ್ರಿ,” ಅಂದರು.

ಮಂಚದ ಮೇಲೆ ಕುಲಸುಮಬಿ. ಒಂದು ಕಾಲಿಗೆ ಬೆಳ್ಳಗಿನ ದಪ್ಪ ಪ್ಲಾಸ್ಟರು, ದವಡೆಯಲ್ಲಿ ಸವಣೂರಿನ ವೀಳ್ಯದೆಲೆ. ಅವಳು ಶೈಲಶ್ರೀಯನ್ನು ಮೇಲಿಂದ ಕೆಳಗೆ ನೋಡಿದಳು.

“ನೀನ ಏನು, ನನ್ನ ಗಾಡಿ ಮಗುಚಿದಾಕಿ?”

ಬಾಯಿಪಾಠ ಮಾಡಿದ್ದೆಲ್ಲ ಗಾಳಿಗೆ ಹೋಯಿತು. ಶೈಲಶ್ರೀಯ ಕಣ್ಣು ತುಂಬಿದವು. “ತಪ್ಪಾತ್ರಿ. ನೀವು ಬಿದ್ದಿದ್ದು ನನಗ ಗೊತ್ತಿರ್ಲಿಲ್ರಿ. ಹಂಗ ಒದರಬಾರ್ದಾಗಿತ್ತು.”

“ಅಳಬ್ಯಾಡ, ಅಳಬ್ಯಾಡ. ಬೀಳೂಕಿಂತ ಮೊದಲ ನಾ ಎಷ್ಟನೇ ನಂಬರ್ ಇದ್ದೆ, ಅದನ್ನ ಹೇಳು.”

“ಹಾನಗಲ್ದಾಗ ಫಸ್ಟ್ ಬಂದಿದ್ರಿ. ಶಿಗ್ಗಾವ್ಯಾಗ ಸೆಕೆಂಡ್.”

ಮುದುಕಿ ಮೊಮ್ಮಗಳ ಕಡೆ ತಿರುಗಿದಳು. “ನೋಡ ಇಕಿನ್ನ! ನಾ ಮೋಟಾರು ಓಡಿಸಿ ಫಸ್ಟ್ ಬಂದೇನಿ, ಮನ್ಯಾಗ ಒಬ್ರಿಗೂ ಸುದ್ದಿ ಇಲ್ಲ. ಬಿದ್ದದ್ದಷ್ಟ ಊರಿಗೆಲ್ಲ ಗೊತ್ತಾತು!”

ನುಜಹತ ತಲೆ ತಗ್ಗಿಸಿದಳು. ಆದರೂ ತುಟಿಯ ಮೂಲೆಯಲ್ಲಿ ಏನೋ ಅಲುಗಾಡಿತು.

“ಇನ್ನೊಂದು ರೇಸ್ ಐತೇನು?”

“ಐತ್ರಿ. ಹಿರೇಕೆರೂರದು. ಮೂರನೇ ನಂಬರ್ ಬಂದ್ರೂ ಸಾಕು, ಕಪ್ ನಿಮ್ದರಿ. ಆದ್ರ ನಿಮಗ ಮೊದಲನೇ ಸುತ್ತು ಇಲ್ರಿ. ಮಗುಚಿದವ್ರಿಗೆ ರೂಲ್ ಹಂಗ ಐತ್ರಿ.”

“ಹಾಸಿಗಿ ಹಿಡದಾರ, ಅವ್ರಿಗೂ ರೂಲ ಏನವಾ?” ಎಂದರು ತಸ್ಲೀಮಾ.

ಶೈಲಶ್ರೀಯ ದನಿ ಸಣ್ಣದಾಯಿತು, ಮಾತು ಬದಲಾಗಲಿಲ್ಲ. “ಎಲ್ಲಾರಿಗೂ ರಿ.”

ಕುಲಸುಮಬಿ ದಿಂಬಿಗೆ ಬೆನ್ನು ಕೊಟ್ಟು ನೆಟ್ಟಗೆ ಕುಳಿತಳು. “ಕವಡಿ ತಂದೀಯೇನು? ತಗಿ ಹಂಗಾರ.”

ಮಂಚವೇ ಮೈದಾನವಾಯಿತು. ಮುಬಶೀರ ವಿಡಿಯೊ ಕಾಲ್ ಹಚ್ಚಿ ಸಾಗರ, ಮಲ್ಲಿಕಾ ಇಬ್ಬರನ್ನೂ ಕರೆದ. ಶೈಲಶ್ರೀ ಡ್ರೈವರುಗಳ ಹೆಸರು ಓದಿದಳು. “ಹಳದಿ ಕಾರು, ತಿಪ್ಪವ್ವ.”

“ಯಾವ ತಿಪ್ಪವ್ವ?” ಎಂದಳು ಅಜ್ಜಿ.

“ನೀನ ಅಜ್ಜಿ.”

“ನಂದೂ ಗಾಡಿ ಐತಿ? ಇಷ್ಟ ದಿನ ಹೇಳಬಾರ್ದೇನ! ತಾ ಇಲ್ಲೆ ಕವಡಿ. ನನ್ನ ಗಾಡಿ ನಾನ ಓಡಸ್ತೇನಿ.”

ಮೊದಲ ಸುತ್ತಿನಲ್ಲಿ ಹಸಿರು ಕಾರು ನಿಂತಲ್ಲೇ ನಿಂತಿತ್ತು. ಎರಡನೇ ಸುತ್ತಿನಿಂದ ಕುಲಸುಮಬಿ ತಾನೇ ಕವಡೆ ಹಾಕಿದಳು. ಅಂಗೈಯಲ್ಲಿ ಗಲಗಲ ಅಲ್ಲಾಡಿಸಿ, ಏನೋ ಗುಣುಗುಣು ಅಂದು, ಬೀಸಿ ಒಗೆಯುತ್ತಿದ್ದಳು. ಮೂರು ಬಿತ್ತು. ಮತ್ತೆ ಮೂರು. ಆಮೇಲೆ ನಾಲ್ಕು! ತಸ್ಲೀಮಾ ಒಲೆ ಆರಿಸಿ ಬಂದು ಮಂಚದ ಹತ್ತಿರ ನಿಂತರು. ಪಕ್ಕದ ಮನೆಯವರೂ ಬಂದರು. ತಿಪ್ಪವ್ವಜ್ಜಿಗೆ ಬರೀ ಒಂದೊಂದೇ ಬೀಳುತ್ತಿದ್ದವು. ಅವಳು ಕವಡೆಗಳನ್ನೇ ಬೈಯುತ್ತಿದ್ದಳು.

ಕೊನೆಯ ಸುತ್ತು. ಉಳಿದ ಏಳೂ ಗಾಡಿ ಓಡಿ ಮುಗಿದಿದ್ದವು. ಕುಲಸುಮಬಿಗೆ ನಾಲ್ಕು ಬಿದ್ದರೆ ಮೂರನೇ ಸ್ಥಾನ, ಕಪ್ ಅವಳದು. ಇಲ್ಲದಿದ್ದರೆ ಹಾನಗಲ್ಲಿನ ಸಾಗರನ ಚಿಗವ್ವ, ಅಂದರೆ ಚಿಕ್ಕಮ್ಮ, ಸುಜಾತಾಳದು.

ಕುಲಸುಮಬಿ ಒಗೆದಳು. ಮೂರು ಕವಡೆ ಬಾಯಿ ಮೇಲಾಗಿ ಬಿದ್ದವು. ನಾಲ್ಕನೆಯದು ಉರುಳುತ್ತ ಹೋಗಿ ಪ್ಲಾಸ್ಟರಿಗೆ ಆನಿಕೊಂಡು ನಿಂತಿತು. ಬಾಯಿ ಅರ್ಧ ಮೇಲೆ, ಅರ್ಧ ಪಕ್ಕಕ್ಕೆ.

“ನಾಲ್ಕು! ನಾಲ್ಕು!” ಎಂದು ತಸ್ಲೀಮಾ ಚಪ್ಪಾಳೆ ತಟ್ಟಿದರು.

“ಎಷ್ಟು ಬಿತ್ತು? ನಮಗ ಕಾಣವಲ್ದು!” ಎಂದ ಸಾಗರ ಫೋನಿನೊಳಗಿಂದ.

ನುಜಹತ ಕವಡೆಯನ್ನು ನೋಡಿದಳು, ಆಮೇಲೆ ಶೈಲಶ್ರೀಯನ್ನು ನೋಡಿದಳು.

ಶೈಲಶ್ರೀಗೆ ಅದು ನಾಲ್ಕೇ ಆಗಲಿ ಅಂತ ತುಂಬ ಆಸೆಯಾಯಿತು. ಚಾದರ ಸರಿಮಾಡುವ ನೆಪದಲ್ಲಿ ಒಂದು ಬೆರಳು ತಾಗಿಸಿದರೆ ಸಾಕಿತ್ತು. ಆಗ ನುಜಹತ ನಗುತ್ತಿದ್ದಳು, ಮನೆಯೆಲ್ಲ ನಗುತ್ತಿತ್ತು. ಯಾರೂ ಬೈಯುತ್ತಿರಲಿಲ್ಲ.

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಓರಿ ನಿಂತೈತ್ರಿ,” ಎಂದಳು. “ಮತ್ತ ಹಾಕ್ರಿ.”

ಕುಲಸುಮಬಿ ಎಲೆ ಅಗಿಯುವುದನ್ನು ನಿಲ್ಲಿಸಿ ಅವಳನ್ನೇ ದಿಟ್ಟಿಸಿದಳು. ಆಮೇಲೆ ಒಂದೊಂದೇ ಕವಡೆ ಆರಿಸಿಕೊಂಡು ಮತ್ತೆ ಒಗೆದಳು.

ಒಂದು.

“ಅಯ್ಯ!” ಎಂದರು ಎಲ್ಲರೂ. ಫೋನಿನೊಳಗೆ ಸಾಗರ ಮೆಲ್ಲಗೆ ಕೇಳಿದ, “ಅಂದ್ರ ಕಪ್ ನಮ್ಮ ಚಿಗವ್ವಂದಾ?” ಗೆದ್ದವನಿಗೂ ಕೂಗಲು ಧೈರ್ಯ ಬರಲಿಲ್ಲ.

“ನಾ ಎಷ್ಟನೇದಾಕಿ?” ಎಂದಳು ಕುಲಸುಮಬಿ.

“ಆರನೇದವ್ರು ರಿ.”

“ನನ್ನ ಹಿಂದ ಯಾರದಾರ?”

“ಮಲ್ಲಿಕಾನ ಅವ್ವ ರಿ. ಎಲ್ಲಾರಿಗಿಂತ ಹಿಂದ…” ಶೈಲಶ್ರೀ ಓರೆಗಣ್ಣಿನಿಂದ ಪಕ್ಕಕ್ಕೆ ನೋಡಿದಳು. “ನಮ್ಮಜ್ಜಿ ರಿ.”

ಕುಲಸುಮಬಿ ತಿಪ್ಪವ್ವನನ್ನು ನೋಡಿದಳು. ಅವಳ ಹೊಟ್ಟೆ ಮೊದಲು ಕುಣಿಯಿತು, ಆಮೇಲೆ ಮಂಚ ಕುಣಿಯಿತು. “ಕಾಲು ಮುರಕೊಂಡಾಕಿ ಮುಂದ, ಎರಡೂ ಕಾಲು ಇದ್ದಾಕಿ ಹಿಂದ!”

“ನಗ್ರಿ, ನಗ್ರಿ,” ಎಂದಳು ತಿಪ್ಪವ್ವಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. “ನನ್ನ ಗಾಡಿಗೆ ಎಣ್ಣಿನ ಹಾಕಿಲ್ಲ ಈ ಹುಡುಗಿ!”

ಆಗ ನುಜಹತ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಪೂರ್ತಿ. ಶೈಲಶ್ರೀಯ ಭುಜಕ್ಕೆ ಒಂದು ಗುದ್ದಿದಳು. ನೋವಾಯಿತು, ಹಾಯೆನಿಸಿತು.

ಸಂಜೆ ಹಾವೇರಿ ದಾಟಿ ಬಸ್ಸು ಹೊರಟಾಗ ಶೈಲಶ್ರೀಯ ಕೈಯಲ್ಲಿ ಫೋನು ಟಿಂಗ್ ಅಂದಿತು. ಮುಬಶೀರನ ನಂಬರು ಗ್ರೂಪಿಗೆ ವಾಪಸು ಬಂದಿತ್ತು. ಅದರ ಕೆಳಗೆ ನುಜಹತಳ ಮೆಸೇಜು: “ನಾನಿ ಕೇಳಾಕತ್ತಾರ. ಆರನೇ ನಂಬರ್ ಬಂದವ್ರಿಗೆ ಕಾಮೆಂಟ್ರಿ ಇಲ್ಲೇನಂತ.”

ಶೈಲಶ್ರೀ ಖುಷಿಯಿಂದ ಫೋನನ್ನು ಬಾಯಿಯ ಹತ್ತಿರ ಹಿಡಿದಳು. ಮೈಕಿನ ಚಿತ್ರ ಒತ್ತಿ, ಎದೆತುಂಬ ಉಸಿರು ಎಳೆದುಕೊಂಡಳು.

ತಿಪ್ಪವ್ವಜ್ಜಿ ಅವಳ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಸವಣೂರಿನ ಮನೆಯಲ್ಲಿ ಈಗ ಮಂಚದ ಸುತ್ತ ಯಾರು ಯಾರು ಕೂತಿರಬಹುದು? ತಡಸದಲ್ಲಿ, ಹಾನಗಲ್ಲಿನಲ್ಲಿ ಫೋನಿನ ಪಕ್ಕ ಯಾರಿರಬಹುದು? ಶೈಲಶ್ರೀ ಎಳೆದುಕೊಂಡ ಉಸಿರನ್ನು ನಿಧಾನವಾಗಿ ಬಿಟ್ಟಳು.

“ಹಲೋ,” ಎಂದಳು ಮೆತ್ತಗೆ. “ನಿಮ್ಮ ಬಾಜೂಕ ಯಾರರ ಮಲಗ್ಯಾರೇನು? ಇಲ್ಲಂದ್ರ ಕೇಳ್ರಿ. ಏಳನೇ ನಂಬರಿನ ಹಸರು ಗಾಡಿ ಎದ್ದು ನಿಂತೈತಿ…”