ಐದನೆಯ ಗೂಟ

"ಈ ಗೂಟ ಯಾರಿಗೆ?"

ವಕೀಲೆ ಮಾನಸಳ ದನಿಗೆ ಚಾಮರಾಜನಗರದ ಆ ವಕೀಲರ ಕೋಣೆಯಲ್ಲಿದ್ದ ನಾಲ್ವರು ಸಹೋದ್ಯೋಗಿಗಳೂ ತಿರುಗಿ ನೋಡಿದರು.

ಗುಂಡ್ಲುಪೇಟೆಯ ಬಡಗಿ ಶಿವಶಂಕರ ಬೆಳಿಗ್ಗೆಯಷ್ಟೇ ತಂದು ನಿಲ್ಲಿಸಿದ್ದ ಹೊನ್ನೆ ಮರದ ಕೋಟ್ ಸ್ಟ್ಯಾಂಡು. ಕೆಳಗೆ ಫೈಲುಗಳಿಗೆ ಮುಚ್ಚಳದ ಪೆಟ್ಟಿಗೆ, ಮೇಲೆ ಕರಿಕೋಟುಗಳಿಗೆ ಗೂಟ. ಆನೆ ಒರಗಿದರೂ ಅಲುಗದು. ನಾಲ್ಕು ಗೂಟ ತಲೆಗಿಂತ ಎತ್ತರಕ್ಕೆ, ಒಂದೇ ಸಾಲು. ಐದನೆಯದು ಮಾತ್ರ ಬೇರೆ... ಎದೆಮಟ್ಟಕ್ಕೆ.

"ನಿಂಗೇ," ಎಂದ ಶಿವಶಂಕರ ಮೆಲ್ಲಗೆ.

"ನೋಡ್ರಪ್ಪ, ಮೇಡಮ್ಮೋರಿಗೆ ಸ್ಪೆಷಲ್ಲು," ಹಿರಿಯ ವಕೀಲ ರಘುನಾಥ ನಕ್ಕ. ಉಳಿದ ಮೂವರೂ ನಕ್ಕರು.

ಮಾನಸಳ ಎದೆ ಉರಿಯಿತು. ಅವಳ ಅವ್ವ ಮಂಚಮ್ಮ ಹೋಟೆಲಿನ ಹೊರಗೆ ನಿಂತು, ಗೋಡೆಯ ಗೂಡಿನ ಬೇರೆ ಲೋಟದಲ್ಲಿ ಟೀ ಕುಡಿದು, ತೊಳೆದಿಟ್ಟು ಬಂದವಳು. ಆ ಲೋಟ ಇಲ್ಲಿಗೂ ಬಂತೇ? ಅದೂ, ಕೇರಿಯ ಹುಡುಗಿಯನ್ನು ಮದುವೆಯಾಗಲು ಲಿಂಗಾಯತರ ಮನೆ ಬಿಟ್ಟು ಬಂದವನ ಕೈಯಿಂದಲೇ?

"ನಮಗೆ ಯಾವಾಗ್ಲೂ ಕೆಳಗೇನಾ, ಶಿವು?"

ಅವನು ಬಾಯಿ ತೆರೆದ. ಸುತ್ತ ನಿಂತ ನಾಲ್ವರನ್ನು ನೋಡಿ ಮುಚ್ಚಿಕೊಂಡ.

"ಸಾಯಂಕಾಲ ಸಹಿಗೆ ನಾನು ಬರಲ್ಲ. ಓಗು."

ಉಳಿ, ಸುತ್ತಿಗೆಗಳನ್ನು ಚೀಲಕ್ಕೆ ತುಂಬಿಕೊಂಡು ಅವನು ಹೊರಟುಹೋದ.

ಅವರಿಬ್ಬರ ರಿಜಿಸ್ಟರ್ ಮದುವೆಗೆ ಕೊಟ್ಟಿದ್ದ ನೋಟಿಸಿನ ಮೂರು ತಿಂಗಳ ಅವಧಿಗೆ ಇಂದೇ ಕೊನೆಯ ದಿನ. ತಪ್ಪಿದರೆ ಹೊಸ ನೋಟಿಸು, ಮತ್ತೆ ಒಂದು ತಿಂಗಳು ನೋಂದಣಿ ಕಚೇರಿಯ ಗೋಡೆಯ ಮೇಲೆ ಹೆಸರು. ಅವನ ಅಪ್ಪ ಶಾಂತಮಲ್ಲಪ್ಪ ಇನ್ನೊಂದು ಸಲ ಸುಮ್ಮನೆ ಕೂರುವ ಆಸಾಮಿಯಲ್ಲ.

ಮಧ್ಯಾಹ್ನ ಕೋರ್ಟಿನಿಂದ ಬಂದಾಗ ಕೋಣೆ ಖಾಲಿ. ಹಟಕ್ಕೆ ಬಿದ್ದು ಕೋಟನ್ನು ಮೇಲಿನ ಗೂಟಕ್ಕೆ ಎತ್ತಿದಳು.

ಬಲಭುಜದಲ್ಲಿ ಬೆಂಕಿ ಹರಿಯಿತು.

ಎರಡು ವರ್ಷದ ಹಿಂದೆ ಧರಣಿಯ ನೂಕಾಟದಲ್ಲಿ ಮುರಿದ ಭುಜ ಅದು. ಕೈಲಾಗದವಳು ಎಂದಾರೆಂದು ಎಲ್ಲರಿಂದ ಮುಚ್ಚಿಟ್ಟಿದ್ದಳು. ಶಿವುಗೊಬ್ಬನಿಗೇ ಹೇಳಿ, ಯಾರ ಮುಂದೂ ಬಾಯಿ ಬಿಡದಂತೆ ಆಣೆ ಹಾಕಿಸಿಕೊಂಡಿದ್ದಳು.

ಐದನೆಯ ಗೂಟಕ್ಕೆ ಕೋಟು ನೋವಿಲ್ಲದೆ ಕೂತಿತು.

ಅಯ್ಯೋ... ಏನು ಮಾಡ್ಬುಟ್ಟೆ ನಾನು...

ಅವನ ಫೋನು ಆಫ್. ಗುಂಡ್ಲುಪೇಟೆ ಬಸ್ಸು ಹತ್ತಿ ಓಡಿದಳು. ಅಂಗಡಿಗೆ ಬೀಗ. "ಬೆಳಿಗ್ಗೆ ಹೋದೋನು ಬಂದೇ ಇಲ್ಲ ಕಣಮ್ಮಿ," ಎಂದಳು ಪಕ್ಕದ ಟೀ ಅಂಗಡಿಯ ಮರಿತಾಯಮ್ಮ. ಅವನೂ ಹೋದ, ದಿನವೂ ಹೋಯಿತು. ಮರಳುವ ಬಸ್ಸು ತೆರಕಣಾಂಬಿಯಲ್ಲಿ ಕೆಟ್ಟು ನಿಂತಾಗ, ಎದುರಿನ ಸೀಟಿಗೆ ಹಣೆಯೊತ್ತಿ ಅತ್ತಳು.

ಐದು ಗಂಟೆ. ಕೊನೆಯ ಆಸೆಯೂ ಇಲ್ಲದೆ ನೋಂದಣಿ ಕಚೇರಿಗೆ ಬಂದರೆ... ಮೆಟ್ಟಿಲ ಮೇಲೆ ಉಳಿಯ ಚೀಲ ತಬ್ಬಿಕೊಂಡು ಕೂತಿದ್ದಾನೆ. ಪಕ್ಕದಲ್ಲಿ ಮೂವರು ಸಾಕ್ಷಿಗಳು.

"ಬರಲ್ಲ ಅಂದಿದ್ನಲ್ಲ," ಎಂದಳು ಮೆಟ್ಟಿಲ ಬುಡದಲ್ಲೇ ನಿಂತು.

"ನೀನಂದೆ. ನಾನೆಲ್ಲಂದೆ?"

"ಅಲ್ಲೇ ಹೇಳ್ಬುಡಬಾರದಿತ್ತಾ?"

"ಆಣೆ ಹಾಕಿದ್ನಲ್ಲ." ಅವನು ತಲೆ ತಗ್ಗಿಸಿದ. "ಆದ್ರೂ ತಪ್ಪು ನಂದೇ. ಒಂದೇ ಗೂಟ ಕೆಳಗೆ ಹೊಡೆದ್ರೆ ನಿಂಗೆ ಹೆಂಗೆ ಕಾಣ್ತದೆ ಅಂತ ಹೊಳೀಲೇ ಇಲ್ಲ. ಬೇರೆ ಲೋಟದಲ್ಲಿ ಕುಡಿದೋನಲ್ಲ ನೋಡು ನಾನು. ನಾಳೆ ಮೇಲಕ್ಕೆ ಹೊಡ್ಕೊಡ್ತೀನಿ."

"ಬೇಡ. ಮೇಲಿನ ನಾಲ್ಕನ್ನೂ ಕೆಳಗಿಳಿಸು."

"ಅವ್ರೆಲ್ಲ ಬಗ್ಗಬೇಕಾಯ್ತದೆ."

"ಬಗ್ಗಲಿ ಬುಡು."

ಅವನು ನಕ್ಕ. ಅವಳ ಬಲಗೈಯನ್ನು ಮೆಲ್ಲಗೆ ಹಿಡಿದ. "ಭಾಳ ನೋಯ್ತಾ ಅದಾ?"

"ಸಹಿ ಹಾಕಕ್ಕೆ ಕೈ ಎತ್ತಬೇಕಾಗಿಲ್ಲ ಕಣ. ಬಾ."