ಮೇಣದ ಮಾಂತ್ರಿಕನೂ ಸಾವಿರ ತಂಗಿಯರೂ

ಬಹಳ ಬಹಳ ಹಿಂದೆ ಉಸಿರುದುರ್ಗವೆಂಬ ರಾಜ್ಯವಿತ್ತು. ಅಲ್ಲಿ ಹಗಲೂ ಇಲ್ಲ, ಇರುಳೂ ಇಲ್ಲ, ಸದಾ ನಸುಗೆಂಪು ಬೆಳಕು. ಅಲ್ಲಿನ ಕಾವಲುಗಾರರು ಕತ್ತಿ ಹಿಡಿಯುತ್ತಿರಲಿಲ್ಲ, ವೈರಿಯನ್ನು ಹಾಗೇ ನುಂಗಿ ಹೊಟ್ಟೆಯ ಬೆಂಕಿಯಲ್ಲಿ ಕರಗಿಸುತ್ತಿದ್ದರು. ನುಂಗಿದ ಮೇಲೆ ಅವನದೊಂದು ಚೂರನ್ನು ಅಂಗೈಯಲ್ಲಿಟ್ಟು ತೋರಿಸಬೇಕು. ಗುರುತು ಹಿಡಿಯುವ ಗುರುತಿನವರು ಅದನ್ನು ನೋಡಿ, ಬಂದವನು ಯಾರೆಂದು ಹೇಳಬೇಕು. ಒಬ್ಬೊಬ್ಬರಿಗೂ ಜನ್ಮಕ್ಕೆ ಒಂದೇ ವಸ್ತುವಿನ ಗುರುತು, ಅದು ಸಿಕ್ಕಿತೆಂದರೆ ಒಬ್ಬರ ಬಲ ಸಾವಿರವಾಗುತ್ತಿತ್ತು.

ಹೂವಕ್ಕನಿಗೆ ತಿಳಿದದ್ದು ಒಂದು ಬಗೆಯ ಮೇಣ. ಅದನ್ನು ಈವರೆಗೆ ಯಾರೂ ತೋರಿಸಿರಲಿಲ್ಲ. "ನಿನ್ನ ವಿದ್ಯೆಗೆ ಬತ್ತಿ ಇಟ್ಟು ಹಚ್ಚಿಕೊಳ್ಳೇ" ಎಂದು ಓರಗೆಯವರು ಛೇಡಿಸಿದರೆ ಅವಳೂ ನಗುತ್ತಿದ್ದಳು. ಒಳಗೊಳಗೇ ನಾಚಿಕೆಯಾಗುತ್ತಿತ್ತು.

ಒಮ್ಮೆ ಮೇಣದ ನಿಲುವಂಗಿ ತೊಟ್ಟ ಮಾಂತ್ರಿಕನೊಬ್ಬ ಗಾಳಿಯೊಂದಿಗೆ ಒಳಬಂದ. ಹೂವಕ್ಕನ ಅಣ್ಣ ಭರಮಣ್ಣ ಅವನನ್ನು ಗುಳುಂ ಮಾಡಿದ. ಮಾಂತ್ರಿಕ ಕರಗಲಿಲ್ಲ. ಹೊಟ್ಟೆಯೊಳಗೇ ಬಿಡಾರ ಹೂಡಿ ಜೋಗುಳ ಹಾಡತೊಡಗಿದ.

"ತಂಗೀ, ಯಾಕೋ ಕಣ್ಣು ಎಳೀತಿದೆ ಕಣೇ" ಎಂದ ಭರಮಣ್ಣ ಅಂಗೈ ಚಾಚಿ ಹಾಗೇ ಒರಗಿದ.

ಮಲಗಿದವನ ಹೊಟ್ಟೆ ಒಡೆದರೆ ಒಬ್ಬ ಮಾಂತ್ರಿಕ ನೂರಾಗುತ್ತಾನೆ. ಅದಕ್ಕೇ ಉಳಿದ ಕಾವಲುಗಾರರು ಅವನು ಹೊರಗೆ ಬಾರದಂತೆ ಸುತ್ತ ಹೆಗಲಿಗೆ ಹೆಗಲು ಕೊಟ್ಟು ಗೋಡೆಯಾಗಿ ನಿಂತರು, ನಿಂತಲ್ಲೇ ಕಲ್ಲಾಗತೊಡಗಿದರು. ಪೂರಾ ಕಲ್ಲಾದರೆ ಅಣ್ಣ ಎಂದೆಂದಿಗೂ ಒಳಗೇ.

ಮೊದಲನೆಯ ಗುರುತಿನವನು ಭರಮಣ್ಣನ ಅಂಗೈಯತ್ತ ಇಣುಕಿದ. "ಉಗುರಿಲ್ಲ. ನನಗೆ ತಿಳಿಯದು." ಕಲ್ಲು ಕಾವಲುಗಾರರ ಮೊಣಕಾಲಿಗೇರಿತು.

ಎರಡನೆಯವಳು ಇಣುಕಿದಳು. "ಗರಿಯಿಲ್ಲ. ನನಗೆ ತಿಳಿಯದು." ಕಲ್ಲು ಎದೆಗೇರಿತು.

ಮೂರನೆಯವಳಾಗಿ ಹೂವಕ್ಕ ಅವರ ನಡುವೆ ನುಗ್ಗಿದಳು. ಅಂಗೈ ಬರಿದಾಗಿ ಕಂಡಿತು. ಅಣ್ಣನ ಕೈಯನ್ನು ಕೆನ್ನೆಗೊತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಕೆನ್ನೆಗೇನೋ ಜಿಡ್ಡು ಹತ್ತಿತು, ಕಣ್ಣೀರು ಅದರ ಮೇಲೆ ನಿಲ್ಲದೆ ಜಾರಿತು. ಆ ಅಂಗೈಯನ್ನು ಎಲ್ಲರೂ ನೋಡಿದ್ದರು, ಯಾರೂ ಮುಟ್ಟಿರಲಿಲ್ಲ.

"ಮೇಣ! ಇದು ನನ್ನ ಮೇಣ!"

ಕೂಗಿದ್ದೇ ತಡ, ಒಬ್ಬಳಿದ್ದ ಹೂವಕ್ಕ ಇಬ್ಬರಾದಳು, ಇಬ್ಬರು ನಾಲ್ವರಾದರು, ನೋಡನೋಡುತ್ತ ಸಾವಿರವಾದರು. "ಏಳಣ್ಣಾ, ಏಳು!" ಸಾವಿರ ದನಿ ಒಟ್ಟಿಗೇ ಕಿವಿಗೆ ಬೀಳಲು ಭರಮಣ್ಣನ ಹೊಟ್ಟೆಯ ಬೆಂಕಿ ಭುಗಿಲೆಂದಿತು. ನಿಲುವಂಗಿ ಕರಗಿತು. ಜೋಗುಳ ನಿಂತಿತು. ಮಾಂತ್ರಿಕ ಬೂದಿಯಾದ. ಕಲ್ಲಾದವರ ಮೈ ಮೆತ್ತಗಾಯಿತು.

ಭರಮಣ್ಣ ಕಣ್ಣುಜ್ಜಿಕೊಂಡ. ಎತ್ತ ನೋಡಿದರೂ ತಂಗಿಯೇ.

"ಅಯ್ಯೋ, ಇವರಲ್ಲಿ ನಮ್ಮ ಹೂವಿ ಯಾರೇ?"

"ನಾನೇ ಅಣ್ಣಾ" ಎಂದರು ಸಾವಿರ ಮಂದಿಯೂ. ಒಬ್ಬಳೂ ಸುಳ್ಳು ಹೇಳಿರಲಿಲ್ಲ.

ಭರಮಣ್ಣ ಒಬ್ಬಳನ್ನೂ ಬಿಡದೆ ಸಾವಿರ ತಲೆ ನೇವರಿಸಿದ. ಅವನು ನೇವರಿಸಿ ಮುಗಿಸುವ ಹೊತ್ತಿಗೆ ಉಸಿರುದುರ್ಗದಲ್ಲಿ ಎಲ್ಲರೂ ಸುಖವಾಗಿದ್ದರು.